ಕಥಾನಾಯಕನ ನಿರ್ಗಮನ: ಹಲಗೂರಿನ ಸಾಲು ಮತ್ತು ಟೆಲಿವಿಷನ್ ಧಾರಾವಾಹಿ

ದೀರ್ಘವಾದ ಕಥೆಯೊಂದರಲ್ಲಿ ಮುಖ್ಯ ಪಾತ್ರವು ನಡುವೆಯೇ ತೆರವಾದರೆ ಉಳಿದ ಕಥೆಯನ್ನು ಮುಂದಕ್ಕೆ ಸಾಗಿಸುವುದು ಹೇಗೆ ಎಂಬ ಪ್ರಶ್ನೆ ಸಾಹಿತ್ಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೆ ಅದು ಇಂದು ಮನೆಮನೆಯ ಮಾತಾಗಿರುವುದು ಟೆಲಿವಿಷನ್ ಧಾರಾವಾಹಿಗಳ ಮೂಲಕ. ಬೆಂಗಳೂರಿನ ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಕೆಲಸವನ್ನಾರಂಭಿಸಿತು. 1994ರಲ್ಲಿ ಉದಯ ಟಿವಿ, ಅನಂತರ ಇತರ ಖಾಸಗಿ ವಾಹಿನಿಗಳು ಬಂದುವು. ವಾರಕ್ಕೊಮ್ಮೆ ಕಾಣುತ್ತಿದ್ದ ಕಥೆ ದಿನದಿನದ ಕಥೆಯಾಯಿತು. ಹದಿಮೂರು ವಾರಗಳಲ್ಲಿ ಮುಗಿಯಬಹುದಾಗಿದ್ದುದು ನೂರಾರು ಕಂತುಗಳಿಗೆ ಬೆಳೆಯಿತು. ಇಷ್ಟು ದೀರ್ಘಕಾಲ ನಡೆಯುವ ಕಥೆಗೆ ಒಬ್ಬನೇ ನಟನು ಕೊನೆಯವರೆಗೂ ಒದಗಿ ಬರುವನೆಂಬ ಭರವಸೆಯಿಲ್ಲ. ಸಂಭಾವನೆ, ಮನಸ್ತಾಪ, ಕಾಯಿಲೆ, ಸಿನಿಮಾದ ಕರೆ, ಕೆಲವೊಮ್ಮೆ ಮರಣ, ಇವುಗಳಲ್ಲಿ ಯಾವುದೊಂದರಿಂದಲಾದರೂ ಆತನು ಹೊರಟುಹೋಗಬಹುದು. ಚಿತ್ರೀಕರಣವು ಪ್ರಸಾರಕ್ಕಿಂತ ಕೆಲವೇ ದಿನ ಮುಂದಿರುವುದು ರೂಢಿಯಾದುದರಿಂದ ಕಥೆಗಾರನಿಗೆ ಯೋಚಿಸಲು ಬಿಡುವೂ ಇರುವುದಿಲ್ಲ.

ಜೀ ಕನ್ನಡ ವಾಹಿನಿಯಲ್ಲಿ 2019ರಿಂದ 2023ರವರೆಗೆ ಪ್ರಸಾರವಾದ 'ಜೊತೆ ಜೊತೆಯಲಿ' ಎಂಬ ಧಾರಾವಾಹಿಯನ್ನು ಉದಾಹರಣೆಯಾಗಿ ನೋಡಬಹುದು. ಅದರ ನಾಯಕ ಆರ್ಯವರ್ಧನನ ಪಾತ್ರವನ್ನು ವಹಿಸಿದ್ದ ಅನಿರುದ್ಧ ಜತ್ಕರ್ ಅವರು 2022ರ ಆಗಸ್ಟಿನಲ್ಲಿ ಹೊರಬಂದ ಮೇಲೆ ಹರೀಶ್ ರಾಜ್ ಅವರು ಬಂದರು. ಕಥೆಯಲ್ಲಿ ಇದಕ್ಕೆ ಅಪಘಾತವೊಂದನ್ನು ತಂದು, ಶಸ್ತ್ರಚಿಕಿತ್ಸೆಯಿಂದ ಆರ್ಯವರ್ಧನನಿಗೆ ಬೇರೊಬ್ಬನ ಮುಖ ಬಂದಿತೆಂದು ಕಲ್ಪಿಸಲಾಯಿತು. ವ್ಯಕ್ತಿ ಅವನೇ, ಮುಖ ಮಾತ್ರ ಬೇರೆ ಎಂಬುದು ಇಲ್ಲಿಯ ಯುಕ್ತಿ. ಪರದೇಶಗಳಲ್ಲಿಯೂ ಇಂತಹ ಯುಕ್ತಿಗಳು ಹೇರಳವಾಗಿವೆ. ಅಮೆರಿಕದ 'ಡಲ್ಲಾಸ್' ಧಾರಾವಾಹಿಯಲ್ಲಿ 1985ರಲ್ಲಿ ಸತ್ತುಹೋದ ಬಾಬಿ ಎಂಬಾತನು, ನಟನು ಹಿಂದಿರುಗಲೊಪ್ಪಿದ ಕಾರಣ, 1986ರಲ್ಲಿ ಸ್ನಾನದ ಮನೆಯಲ್ಲಿ ಕಾಣಿಸಿಕೊಂಡನು. ನಡುವಣ ಒಂದು ವರ್ಷದ ಕಥೆಯೆಲ್ಲವೂ ಅವನ ಹೆಂಡತಿಯ ಕನಸಾಗಿಹೋಯಿತು! ಇದಕ್ಕಿಂತ ಜಾಣತನದ ಉಪಾಯವನ್ನು ಬಿ.ಬಿ.ಸಿ.ಯವರು 'ಡಾಕ್ಟರ್ ಹೂ' ಎಂಬ ಧಾರಾವಾಹಿಯಲ್ಲಿ ಕಂಡುಕೊಂಡಿದ್ದರು. 1966ರಲ್ಲಿ ವಿಲಿಯಂ ಹಾರ್ಟ್ನೆಲ್ ಎಂಬ ವೃದ್ಧ ನಟರು ನಿವೃತ್ತರಾದಾಗ, ಶರೀರವನ್ನು ಬದಲಾಯಿಸಿಕೊಳ್ಳುವುದು ಆ ಪಾತ್ರದ ಸ್ವಭಾವವೇ ಎಂದು ತೋರಿಸಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ಆ ಸ್ಥಾನಕ್ಕೆ ತಂದರು. ಬದಲಾವಣೆಯನ್ನು ಮರೆಮಾಡುವುದಕ್ಕೆ ಬದಲಾಗಿ ಅದನ್ನೇ ಕಥೆಯ ವಸ್ತುವನ್ನಾಗಿ ಮಾಡಿಕೊಂಡ ಕಾರಣ, ಆ ಕಥೆ ಹತ್ತಾರು ನಟರನ್ನು ಕಂಡು ಇನ್ನೂ ಉಳಿದಿದೆ.

ನಾಟಕ ಕಂಪನಿಗಳ ಕಾಲದಲ್ಲಿ ಈ ತೊಡಕು ಇಷ್ಟು ತೀವ್ರವಾಗಿರಲಿಲ್ಲ. ಪ್ರತಿ ರಾತ್ರಿಯೂ ನಾಟಕವು ಮೊದಲಿನಿಂದ ಆರಂಭವಾಗುತ್ತಿದ್ದುದರಿಂದ ನಿನ್ನೆಯ ರಾಮನಿಗೆ ಬದಲು ಇಂದು ಬೇರೊಬ್ಬ ರಾಮ ಬಂದರೆ ಅಭಿನಯದ ಹೋಲಿಕೆ ನಡೆಯುತ್ತಿತ್ತೇ ಹೊರತು ಕಥೆಗೆ ಊನ ಬರುತ್ತಿರಲಿಲ್ಲ. ಧಾರಾವಾಹಿಗೆ ಇಂತಹ ಪುನರಾರಂಭವಿಲ್ಲ. ಒಂದೇ ಮುಖವನ್ನು ಸಂಜೆಯ ಹೊತ್ತು ಮನೆಯ ನಡುಮನೆಯಲ್ಲಿ ವರ್ಷಗಟ್ಟಲೆ ಕಂಡ ಮೇಲೆ ನೋಡುವವರ ಮನಸ್ಸಿನಲ್ಲಿ ಮುಖಕ್ಕೂ ಪಾತ್ರಕ್ಕೂ ಭೇದವೇ ಉಳಿಯುವುದಿಲ್ಲ.

ನಟನು ಮರೆಯಾದರೂ ಪಾತ್ರವು ಉಳಿಯುವಂತೆ ಮಾಡುವ ಯುಕ್ತಿಯ ಅತ್ಯಂತ ಪ್ರಾಚೀನ ನಿದರ್ಶನವು ಕನ್ನಡದ ಮೊದಲ ಮಹಾಕವಿಯಲ್ಲಿಯೇ ಇದೆ. ಕ್ರಿ.ಶ. 941ರ ಪಂಪನ 'ಆದಿಪುರಾಣ'ದ ನೀಲಾಂಜನೆಯ ಪ್ರಸಂಗವನ್ನು ನೆನೆಯಬಹುದು. ವೃಷಭನಾಥನ ಸಭೆಯಲ್ಲಿ ನರ್ತಿಸುತ್ತಿರುವಾಗಲೇ ಆಕೆಯ ಆಯುಸ್ಸು ತೀರುತ್ತದೆ; ಮಿಂಚಿನಂತೆ ಆಕೆ ಮರೆಯಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಆ ಕ್ಷಣವೇ ಆಕೆಯಂತಹುದೇ ಮತ್ತೊಂದು ರೂಪವನ್ನು ಆ ಜಾಗದಲ್ಲಿ ನಿಲ್ಲಿಸುತ್ತಾನೆ. ಸಭೆಯವರು ಯಾರೂ ಇದನ್ನರಿಯರು. ಅರಿತವನು ವೃಷಭನಾಥನೊಬ್ಬನೇ, ಆ ಅರಿವೇ ಅವನ ವೈರಾಗ್ಯಕ್ಕೆ ಬೀಜ. ಕಥೆಯು ಜಿನಸೇನಾಚಾರ್ಯರ ಸಂಸ್ಕೃತ ಪುರಾಣದಿಂದ ಬಂದುದಾದರೂ ಪಂಪನು ಅದಕ್ಕೆ ಕೊಟ್ಟ ಮಹತ್ತ್ವ ಪ್ರಸಿದ್ಧವಾಗಿದೆ. ಧಾರಾವಾಹಿಯ ನಿರ್ದೇಶಕನು ಬಯಸುವುದು ಇಂದ್ರನ ಕೈಚಳಕವನ್ನು. ಅವನಿಗೆ ದೊರೆಯುವುದು ಮಾತ್ರ ಸಭೆಯ ತುಂಬ ವೃಷಭನಾಥರು. ಬದಲಾದುದನ್ನು ಕಾಣದ ಪ್ರೇಕ್ಷಕನು ಒಬ್ಬನೂ ಇರುವುದಿಲ್ಲ.

ನಿರ್ಗಮನವನ್ನು ಹೇಳದೆಯೇ ಕಥೆಯನ್ನು ನಿಲ್ಲಿಸಿಬಿಡುವುದು ಇನ್ನೊಂದು ದಾರಿ. ಪಂಪನ 'ವಿಕ್ರಮಾರ್ಜುನ ವಿಜಯ'ವು ಅರ್ಜುನನ ಪಟ್ಟಾಭಿಷೇಕದೊಡನೆ ಮುಗಿಯುತ್ತದೆ. ಕುಮಾರವ್ಯಾಸನು ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದನು. ಉಳಿದ ಪರ್ವಗಳನ್ನು ತಿಮ್ಮಣ್ಣಕವಿಯು ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಬೇಕಾಯಿತು. ಕೇಳುವವರಿಗೆ ಪಾಂಡವರ ಮಹಾಪ್ರಸ್ಥಾನವೂ ಬೇಕಾಗಿದ್ದಿತು ಎಂಬುದನ್ನು ಇದು ಸೂಚಿಸುತ್ತದೆ. ನಮ್ಮ ಕಾಲದಲ್ಲಿಯೂ ಇದೇ ನಡೆಯಿತು. ರಮಾನಂದ ಸಾಗರರ 'ರಾಮಾಯಣ' ಧಾರಾವಾಹಿ 1988ರಲ್ಲಿ ಪಟ್ಟಾಭಿಷೇಕದೊಡನೆ ಮುಗಿದಾಗ, ಉತ್ತರಕಾಂಡವನ್ನೂ ತೋರಿಸಬೇಕೆಂದು ಉತ್ತರ ಭಾರತದ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಅನಂತರ 'ಉತ್ತರ ರಾಮಾಯಣ'ವು ತಯಾರಾಯಿತು. ಕಥೆಯು ಎಲ್ಲಿ ಮುಗಿಯಬೇಕೆಂಬುದನ್ನು ಹೇಳುವವನೊಬ್ಬನೇ ನಿಶ್ಚಯಿಸಲಾರನು.

ಇವೆರಡು ದಾರಿಗಳನ್ನೂ ಬಿಟ್ಟು ಮೂರನೆಯದೊಂದನ್ನು ಹಿಡಿದ ಕಥೆ ನಮ್ಮ ಮಂಡ್ಯ ಸೀಮೆಯಲ್ಲಿಯೇ ಇದೆ. ಮಂಟೇಸ್ವಾಮಿ ಕಾವ್ಯದ ಹಲಗೂರಿನ ಸಾಲನ್ನು ನಾಯಕನ ನಿರ್ಗಮನದ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಮುಖ್ಯೋದ್ದೇಶ.

ಹಲಗೂರು ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯ ಮೇಲಿದೆ. ಮುತ್ತತ್ತಿಗೂ ಭೀಮೇಶ್ವರಿಗೂ ಹೋಗುವವರು ಈ ಊರನ್ನು ಹಾದುಹೋಗುತ್ತಾರೆ. ಜನಪದ ಕಾವ್ಯವನ್ನು ಬಲ್ಲವರಿಗೆ ಮಾತ್ರ ಹಲಗೂರೆಂದೊಡನೆ ನೆನಪಾಗುವುದು ಪಾಂಚಾಳರ ಕುಲುಮೆಗಳು. ಮಂಟೇಸ್ವಾಮಿ ಕಾವ್ಯವನ್ನು ಹಾಡುವವರು ನೀಲಗಾರರೆಂಬ ದೀಕ್ಷಿತ ಗಾಯಕರು. ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಇವರ ಪರಂಪರೆ ಹಬ್ಬಿದೆ. ಮುಖ್ಯ ಗಾಯಕನ ಕೈಯಲ್ಲಿ ತಂಬೂರಿ, ಹಿಮ್ಮೇಳದವರ ಬಳಿ ಗಗ್ಗರ, ತಾಳ, ಡಕ್ಕಿ. ಕಾವ್ಯವು 'ಸಾಲು'ಗಳಾಗಿ ವಿಂಗಡವಾಗಿದೆ. ಒಂದು ರಾತ್ರಿಯಲ್ಲಿ ಇಡೀ ಕಾವ್ಯವು ಮುಗಿಯುವುದಲ್ಲವಾದುದರಿಂದ ಕೇಳುವವರು ಬೇಡಿದ ಸಾಲನ್ನು ಹಾಡುವುದು ವಾಡಿಕೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಈ ಕಾವ್ಯವು ಅಚ್ಚಾಗಿರುವುದರಿಂದ ವಿದ್ಯಾರ್ಥಿಗಳಿಗೆ ಈಗ ಪಠ್ಯವು ಸುಲಭವಾಗಿ ದೊರೆಯುತ್ತದೆ. ಗಾಯಕರಿಂದ ಗಾಯಕರಿಗೆ ವಿವರಗಳು ಬದಲಾಗುವುವಾದರೂ ಕಥೆಯ ಎಲುಬುಗೂಡು ಸ್ಥಿರವಾಗಿದೆ. ಇಲ್ಲಿ ನಾವು ಆಶ್ರಯಿಸುವುದು ಆ ಸ್ಥಿರಾಂಶವನ್ನೇ.

ಕಾವ್ಯದ ಪೂರ್ವಭಾಗಕ್ಕೆಲ್ಲ ನಾಯಕನು ಮಂಟೇಸ್ವಾಮಿ. ಅವನನ್ನು 'ಧರೆಗೆ ದೊಡ್ಡಯ್ಯ'ನೆಂದು ನೀಲಗಾರರು ಕರೆಯುತ್ತಾರೆ. ಅಲ್ಲಮಪ್ರಭುವಿನೊಡನೆ ಅಭೇದವನ್ನೂ ಕಲ್ಪಿಸುತ್ತಾರೆ. ಕಲ್ಯಾಣದ ಸಾಲಿನಲ್ಲಿ ಅವನು ಬಸವಣ್ಣನ ಬಾಗಿಲಿಗೆ ಬರುವುದು ಕುಷ್ಠರೋಗಿಯ ವೇಷದಲ್ಲಿ, ಎಲ್ಲರಿಗೂ ಹೇಸಿಗೆಯಾಗುವ ರೂಪದಲ್ಲಿ. ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ತೆರೆದ ಬಾಗಿಲು ಅವನಿಗೆ ಮುಚ್ಚುತ್ತದೆ. ಕಾವಲವರು ಅವನನ್ನು ಹೊಡೆದು ಅಟ್ಟುತ್ತಾರೆ. ಅವನನ್ನು ಗುರುತಿಸಬಲ್ಲವರು ಕೊನೆಗೆ ಬಸವಣ್ಣ ಮತ್ತು ನೀಲಮ್ಮ ಮಾತ್ರ. ಭಿಕ್ಷುಕನಂತೆ ಬಂದು, ಬಾಗಿಲಲ್ಲಿ ಅವಮಾನಿತನಾಗಿ, ಆ ಅವಮಾನದಿಂದಲೇ ಮನೆಯೊಡೆಯರ ನಿಜವನ್ನು ಬಯಲಿಗೆಳೆಯುವುದು ಈ ನಾಯಕನ ಕಾರ್ಯವಿಧಾನ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು.

ಕಲ್ಯಾಣವನ್ನು ಬಿಟ್ಟು ದಕ್ಷಿಣಕ್ಕೆ ಬಂದ ಮಂಟೇಸ್ವಾಮಿಗೆ ಶಿಶುಮಕ್ಕಳು, ಎಂದರೆ ಶಿಷ್ಯರು, ಬೇಕು. ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ಬಾಚಿ ಬಸವಾಚಾರಿ ಮತ್ತು ಮುದ್ದಮ್ಮ ಎಂಬ ದಂಪತಿಗಳ ಮಗ ಕೆಂಪಾಚಾರಿಯನ್ನು ಅವನು ಬೇಡುತ್ತಾನೆ. ತಾಯಿತಂದೆಗಳು ಕೊಡಲೊಪ್ಪುವುದಿಲ್ಲ. ಗುರುವು ಬಿಡುವುದಿಲ್ಲ. ಮಗನನ್ನು ಕಳೆದುಕೊಳ್ಳುವ ಆ ಮನೆಯ ಸಂಕಟವನ್ನು ಕಾವ್ಯವು ಮರೆಮಾಚಿಲ್ಲವೆಂಬುದು ಅದರ ಹಿರಿಮೆ. ಗವಿಯಲ್ಲಿ ಬಹುಕಾಲ ಇರಿಸಿ ಮಾಗಿಸಿದ ಮೇಲೆ ಕೆಂಪಾಚಾರಿಯು ಘನನೀಲಿ ಸಿದ್ದಪ್ಪಾಜಿಯಾಗುತ್ತಾನೆ. ಆಮೇಲೆ ಗುರುವು ಅವನಿಗೆ ಒಪ್ಪಿಸುವ ಕೆಲಸವೇ ಕಬ್ಬಿಣದ ಭಿಕ್ಷೆ. ಬೊಪ್ಪೇಗೌಡನಪುರದ ಕಟ್ಟಡಕ್ಕೆ ಕಬ್ಬಿಣ ಬೇಕು. ಕಬ್ಬಿಣವಿರುವುದು ಹಲಗೂರಿನ ಪಾಂಚಾಳರಲ್ಲಿ. ಹೋಗಿ ಬೇಡಿ ತರಬೇಕು.

ಇಲ್ಲಿಯೇ ನಾಯಕತ್ವವು ಕೈಬದಲಾಗುತ್ತದೆ. ಮಂಟೇಸ್ವಾಮಿಯು ಹಲಗೂರಿಗೆ ಬರುವುದಿಲ್ಲ. ಅಲ್ಲಿಯವರೆಗೆ ಪ್ರತಿಯೊಂದು ಘಟನೆಗೂ ಕೇಂದ್ರವಾಗಿದ್ದವನು ಹಿಂದೆ ಉಳಿದು, ನಿನ್ನೆ ಮೊನ್ನೆ ಬಂದ ಶಿಷ್ಯನು ಒಂಟಿಯಾಗಿ ಮುಂದೆ ಹೋಗುತ್ತಾನೆ. ಕಬ್ಬಿಣವನ್ನು ಕೇಳಿದರೆ ಪಾಂಚಾಳರು ಇಲ್ಲವೆನ್ನುತ್ತಾರೆ. ಕಬ್ಬಿಣದ ರಾಶಿಗಳ ನಡುವೆ ಕುಳಿತು ಇಲ್ಲವೆಂದು ಆಣೆಯಿಡುತ್ತಾರೆ. ನೀನು ನಿಜವಾದ ಗುರುವಿನ ಮಗನಾದರೆ ಪವಾಡ ತೋರಿಸೆಂದು ಕಾದ ಕಬ್ಬಿಣದ ಮತ್ತು ವಿಷದ ಪರೀಕ್ಷೆಗಳನ್ನು ಒಡ್ಡುತ್ತಾರೆ. ಸಿದ್ದಪ್ಪಾಜಿಯು ಎಲ್ಲವನ್ನೂ ಗೆದ್ದು, ಅವರ ಗರ್ವವನ್ನು ಮುರಿದು, ಕಬ್ಬಿಣವನ್ನು ಪಡೆಯುತ್ತಾನೆ. ಸುಳ್ಳು ಹೇಳಿದ ಹಲಗೂರು ಉರಿಗೆ ತುತ್ತಾಗುತ್ತದೆ.

ಈ ಕಥನವನ್ನು ಕಲ್ಯಾಣದ ಸಾಲಿನ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಎರಡೂ ಒಂದೇ ದೃಶ್ಯ. ಸಂಪನ್ನರ ಬಾಗಿಲಿಗೆ ಬಂದ ಭಿಕ್ಷುಕ, ಅವನಿಗಾಗುವ ತಿರಸ್ಕಾರ, ಅವನ ಶರೀರದ ಮೇಲೆ ನಡೆಯುವ ಹಿಂಸೆ, ಕೊನೆಗೆ ಬಾಗಿಲೊಳಗಿನವರ ಸೋಲು. ಕಲ್ಯಾಣದಲ್ಲಿ ಈ ಭಾರವನ್ನು ಹೊತ್ತವನು ಗುರು, ಹಲಗೂರಿನಲ್ಲಿ ಹೊರುವವನು ಶಿಷ್ಯ. ಮುಖ ಬೇರೆ, ಹೆಸರು ಬೇರೆ, ಹುಟ್ಟಿದ ಮನೆ ಬೇರೆ. ಮಾಡುವ ಕೆಲಸ ಮಾತ್ರ ಅದೇ. ಕೇಳುವವರು ಸಿದ್ದಪ್ಪಾಜಿಯನ್ನು ನಾಯಕನೆಂದು ಒಪ್ಪಿಕೊಳ್ಳುವುದಕ್ಕೆ ಯಾವ ಘೋಷಣೆಯೂ ಬೇಕಾಗುವುದಿಲ್ಲ. ಕಲ್ಯಾಣದ ಬಾಗಿಲಲ್ಲಿ ಕಂಡುದನ್ನೇ ಕುಲುಮೆಯ ಬಾಗಿಲಲ್ಲಿ ಮತ್ತೆ ಕಂಡು ಅವರು ತಾವಾಗಿಯೇ ಗುರುತಿಸುತ್ತಾರೆ. ನಟನ ಬದಲು ನಟನನ್ನು ತರುವ ಧಾರಾವಾಹಿಯು ವ್ಯಕ್ತಿಯನ್ನು ಉಳಿಸಿಕೊಳ್ಳಲು ಹೆಣಗುತ್ತದೆ. ಹಲಗೂರಿನ ಸಾಲು ವ್ಯಕ್ತಿಯನ್ನು ಬಿಟ್ಟುಕೊಟ್ಟು ಪಾತ್ರದ ಕಾರ್ಯವನ್ನು ಉಳಿಸಿಕೊಳ್ಳುತ್ತದೆ. ನಮ್ಮ ದೃಷ್ಟಿಯಲ್ಲಿ ಈ ಎರಡನೆಯದೇ ಹೆಚ್ಚು ಗಟ್ಟಿಯಾದ ಕ್ರಮ.

ಇದರಲ್ಲಿ ಮತ್ತೊಂದು ಸೂಕ್ಷ್ಮವಿದೆ. ಸಿದ್ದಪ್ಪಾಜಿಯು ಆಚಾರಿಗಳ ಮನೆಯ ಮಗ. ಗುರುವು ಅವನನ್ನು ಕಳುಹಿಸುವುದು ಅರಸನ ಬಳಿಗೂ ಅಲ್ಲ, ಶೆಟ್ಟಿಯ ಬಳಿಗೂ ಅಲ್ಲ; ಆಚಾರಿಗಳ ಬಳಿಗೆ. ಕುಲುಮೆಯಲ್ಲಿ ಕುಳಿತು ದುಡಿದು ಗಳಿಸಬೇಕಾಗಿದ್ದವನು ಅದೇ ಕುಲುಮೆಯ ಮುಂದೆ ಬೇಡುವವನಾಗಿ ನಿಲ್ಲಬೇಕು. ತಾನು ಹಿಂದೆ ಏನಾಗಿದ್ದನೋ ಅದರ ಎದುರಿಗೆ ನಿಂತು ಇನ್ನು ತಾನು ಅದಲ್ಲವೆಂದು ತೋರಿಸಿದ ಮೇಲೆಯೇ ಅವನು ಸಿದ್ದಪ್ಪಾಜಿ. ಹೊಸ ನಾಯಕನ ಯೋಗ್ಯತೆಯನ್ನು ಸ್ಥಾಪಿಸುವುದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಕಲ್ಪಿಸುವುದು ಕಷ್ಟ. ಕಾದ ಕಬ್ಬಿಣವು ಅವನಿಗೆ ಹೊಸದಲ್ಲ. ಅದು ಅವನ ತಂದೆಯ ಕಸುಬಿನ ವಸ್ತು.

ಈ ಸಾಲನ್ನು ಹಲಗೂರಿನ ಇತಿಹಾಸವೆಂದು ಅಕ್ಷರಶಃ ಓದುವವರೂ ಉಂಟು. ಅದು ತರವಲ್ಲ. ಪಾಂಚಾಳರನ್ನು ಕುರಿತ ಕಾವ್ಯದ ಕಟುನುಡಿ ಒಂದು ಪಂಥದವರ ಬಾಯಿಂದ ಬಂದುದು. ಅದನ್ನು ಆ ಕಸುಬಿನವರ ಮೇಲಿನ ತೀರ್ಪೆಂದು ತಿಳಿದರೆ ಅನ್ಯಾಯವಾದೀತು. ಬೇಸಾಯಕ್ಕೆ ಗುಳ, ಕುಡುಗೋಲುಗಳನ್ನು ಒದಗಿಸಿದವರು ಅವರೇ ತಾನೆ! ಕಾವ್ಯವೂ ತನ್ನ ಎರಡನೆಯ ನಾಯಕನನ್ನು ಅವರ ಮನೆಯಿಂದಲೇ ತಂದಿದೆಯೆಂಬುದನ್ನು ಮರೆಯಬಾರದು. ಇತಿಹಾಸಕಾರನು ಇಲ್ಲಿಂದ ಎತ್ತಿಕೊಳ್ಳಬಹುದಾದುದು ಇಷ್ಟೆ: ಈ ಕಥೆಯನ್ನು ಕಟ್ಟಿದವರ ಕಣ್ಣಿಗೆ ಹಲಗೂರು ಕಬ್ಬಿಣದ ಊರಾಗಿತ್ತು, ಕಬ್ಬಿಣವುಳ್ಳವರು ಬಲವುಳ್ಳವರಾಗಿದ್ದರು, ಅದನ್ನು ಬೇಡಿ ಪಡೆಯುವುದು ಪವಾಡವೆನಿಸುವಷ್ಟು ಕಷ್ಟವಾಗಿತ್ತು.

ಇನ್ನು ಮಂಟೇಸ್ವಾಮಿಯ ನಿರ್ಗಮನದ ವಿಚಾರ. ಅವನು ಬೊಪ್ಪೇಗೌಡನಪುರದಲ್ಲಿ ಐಕ್ಯನಾದನೆಂದು ಪರಂಪರೆ ಹೇಳುತ್ತದೆ. ಆ ಊರೂ ಮಳವಳ್ಳಿ ತಾಲ್ಲೂಕಿನದೇ. ಸಾವು ಎಂಬ ಮಾತನ್ನು ನೀಲಗಾರರು ಬಳಸುವುದಿಲ್ಲ. ಐಕ್ಯವೆಂದರೆ ಕಥೆಯಿಂದ ಹೊರಗೆ ಹೋಗುವುದಲ್ಲ, ಕಥೆಯೊಳಗೆ ಒಂದು ಸ್ಥಳದಲ್ಲಿ ನೆಲೆಸುವುದು. ಆದುದರಿಂದಲೇ ಗುರುವು ಹಲಗೂರಿನ ಸಾಲಿನಲ್ಲಿ ಎದುರಿಗಿಲ್ಲದಿದ್ದರೂ ಕೇಳುವವರಿಗೆ ಅವನು ಕಳೆದುಹೋದನೆಂಬ ಭಾವನೆ ಬರುವುದಿಲ್ಲ. ಸಂಕಟಕ್ಕೆ ಸಿಕ್ಕಿದ ಶಿಷ್ಯನು ನೆನೆಯುವುದು ಅವನನ್ನೇ. ಧಾರಾವಾಹಿಯಲ್ಲಿ ಸತ್ತವರ ಭಾವಚಿತ್ರಕ್ಕೆ ಹೂವಿನ ಹಾರ ಹಾಕಿ ಗೋಡೆಗೆ ತೂಗುಹಾಕುವ ಪದ್ಧತಿಯುಂಟಷ್ಟೆ. ಆ ಚಿತ್ರವು ಕಥೆಗೆ ಏನನ್ನೂ ಮಾಡುವುದಿಲ್ಲ. ಕೆಲವು ಕಂತುಗಳಾದ ಮೇಲೆ ಹಾರವೂ ಕಾಣುವುದಿಲ್ಲ. ಗದ್ದುಗೆಯಾದರೋ ಮುಂದಿನ ಕಥೆಗೆ ಆಧಾರಸ್ಥಾನವಾಗಿ ನಿಲ್ಲುತ್ತದೆ.

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಧಾರಾವಾಹಿಯಲ್ಲಿ ಹೊರಟುಹೋಗುವವನು ಮನುಷ್ಯಮಾತ್ರನಾದ ನಟ; ಅವನ ಹೋಗುವಿಕೆ ಆಕಸ್ಮಿಕ. ಕಾವ್ಯದಲ್ಲಿ ಹೊರಡುವವನು ಕವಿಕಲ್ಪನೆಯ ನಾಯಕ. ಅವನು ಯಾವಾಗ ಹೋಗಬೇಕೆಂಬುದು ಗಾಯಕನ ಕೈಯಲ್ಲಿದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆ? ಆಕ್ಷೇಪವು ತೂಕವುಳ್ಳದ್ದೇ. ನೀಲಗಾರನು ಪಾತ್ರಗಳನ್ನು ಅಭಿನಯಿಸುವ ನಟನೂ ಅಲ್ಲ. ಅವನು ತಂಬೂರಿ ಹಿಡಿದು ಹಾಡುತ್ತ, ನಡುನಡುವೆ ಗದ್ಯದಲ್ಲಿ ಹೇಳುತ್ತ, ಒಮ್ಮೆ ಗುರುವಿನ ಮಾತನ್ನೂ ಒಮ್ಮೆ ಪಾಂಚಾಳನ ಮಾತನ್ನೂ ಒಂದೇ ಕೊರಳಿನಿಂದ ಆಡುತ್ತಾನೆ. ಯಾರ ಮುಖವೂ ಅವನ ಮುಖಕ್ಕೆ ಅಂಟಿಕೊಳ್ಳುವುದಿಲ್ಲ. ಆದರೂ ಪ್ರೇಕ್ಷಕನ ಕಡೆಯಿಂದ ನೋಡಿದರೆ ಅಂತರವು ಅಷ್ಟು ದೊಡ್ಡದಲ್ಲ. ಇಷ್ಟು ದಿನ ತಾನು ನಂಬಿ ಹಿಂಬಾಲಿಸಿದವನು ಇಲ್ಲವಾದ ಮೇಲೆ ಈ ಕಥೆಯನ್ನು ನಾನೇಕೆ ಕೇಳಬೇಕು ಎಂಬ ಪ್ರಶ್ನೆ ಇಬ್ಬರಿಗೂ ಏಳುತ್ತದೆ. 'ಡಲ್ಲಾಸ್' ಅದಕ್ಕೆ ಏನೂ ನಡೆದೇ ಇಲ್ಲವೆಂದು ಉತ್ತರಿಸಿತು. 'ಜೊತೆ ಜೊತೆಯಲಿ' ಇವನೇ ಅವನು ಎಂದಿತು. ಹಲಗೂರಿನ ಸಾಲು ಇವನು ಅವನಲ್ಲ, ಅವನ ಮಗ; ಇವನನ್ನೂ ಬಾಗಿಲಲ್ಲಿ ನಿಲ್ಲಿಸಿ ನೋಡಿ ಎನ್ನುತ್ತದೆ.

ಆಕಸ್ಮಿಕದ ಮಾತಿಗೂ ಒಂದು ಸಮಾಧಾನವಿದೆ. ಮೌಖಿಕ ಪರಂಪರೆಯಲ್ಲಿ ಗಾಯಕನೇ ಇಲ್ಲವಾಗುವ ಆಕಸ್ಮಿಕವು ಸದಾ ಇದ್ದೇ ಇರುತ್ತದೆ. ಪುಸ್ತಕವಿಲ್ಲದ ಕಾವ್ಯವು ಒಬ್ಬನ ಕೊರಳಿನಿಂದ ಇನ್ನೊಬ್ಬನ ಕೊರಳಿಗೆ ಸಾಗದಿದ್ದರೆ ಅಲ್ಲಿಗೇ ಮುಗಿಯುತ್ತದೆ. ಹಿಮ್ಮೇಳದಲ್ಲಿ ತಾಳ ಹಿಡಿದು ಕುಳಿತ ಹುಡುಗನು ಮುಂದೊಂದು ದಿನ ತಂಬೂರಿಯನ್ನು ತೆಗೆದುಕೊಳ್ಳಬೇಕು. ಗುರುವು ಹಿಂದೆ ಉಳಿದು ಶಿಷ್ಯನು ಮುಂದೆ ಹೋಗುವ ಈ ಸಾಲು ನೀಲಗಾರರ ಬಾಳಿನ ಕ್ರಮವನ್ನೇ ಕಥೆಯಾಗಿ ಹೇಳುತ್ತಿದೆಯೆಂದು ಊಹಿಸುವುದು ತಪ್ಪಾಗಲಾರದು. ಹಾಗಾದರೆ ಈ ಕಾವ್ಯದ ಮುಂದಿರುವ ಅಪಾಯವೂ ಇಲ್ಲಿಯೇ ತಿಳಿಯುತ್ತದೆ. ಅಚ್ಚಾದ ಪುಸ್ತಕವು ಪಾಠವನ್ನು ಉಳಿಸಬಲ್ಲುದು, ಧ್ವನಿಮುದ್ರಿಕೆಯು ಒಬ್ಬ ಗಾಯಕನ ಕೊರಳನ್ನು ಉಳಿಸಬಲ್ಲುದು. ತಂಬೂರಿಯನ್ನು ತೆಗೆದುಕೊಳ್ಳುವವನನ್ನು ಎರಡೂ ಒದಗಿಸಲಾರವು. ಸಂಜೆಯ ಧಾರಾವಾಹಿಯನ್ನು ನೋಡುವ ಮನೆಗಳಲ್ಲಿಯೇ ಆ ಹುಡುಗನು ಬೆಳೆಯಬೇಕಾಗಿದೆ. ನಮ್ಮ ಕಾಲೇಜುಗಳಲ್ಲಿ ಮಳವಳ್ಳಿ, ಮದ್ದೂರು, ಕೊಳ್ಳೇಗಾಲದ ಕಡೆಯಿಂದ ಬಂದು ಜನಪದ ಸಾಹಿತ್ಯವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗಳಿದ್ದಾರೆ. ಒಂದೇ ಸಾಲನ್ನು ಹಿರಿಯ ಗಾಯಕನಿಂದಲೂ ಅವನ ಹಿಮ್ಮೇಳದ ಕಿರಿಯನಿಂದಲೂ ಪ್ರತ್ಯೇಕವಾಗಿ ಕೇಳಿ ಬರೆದುಕೊಂಡರೆ, ಕೈಬದಲಾಗುವಾಗ ಕಥೆಯಲ್ಲಿ ಏನು ಉಳಿಯುತ್ತದೆ, ಏನು ಜಾರುತ್ತದೆ ಎಂಬುದು ಕಾಣುತ್ತದೆ. ಹಲಗೂರಿನ ಸಾಲು ಇಂತಹ ಕೆಲಸಕ್ಕೆ ವಿಶೇಷವಾಗಿ ತಕ್ಕುದು.

ಕಬ್ಬಿಣವನ್ನು ತಂದೊಪ್ಪಿಸಿದ ಸಿದ್ದಪ್ಪಾಜಿಯೂ ಕೊನೆಯವರೆಗೆ ಕಥೆಯಲ್ಲಿ ಉಳಿಯುವುದಿಲ್ಲ. ಅವನಿಗೆ ದೊರೆತ ನೆಲೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು. ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯ ಗದ್ದುಗೆ ಮೈಸೂರು ಜಿಲ್ಲೆಯ ಕಪ್ಪಡಿಯಲ್ಲಿದೆ. ಅಲ್ಲಿ ಚೆನ್ನಾಜಮ್ಮನೂ ಇದ್ದಾಳೆ. ಪುಷ್ಯಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲದ ಉತ್ಸವದೊಡನೆ ಐದು ದಿನಗಳ ಜಾತ್ರೆ ಮೊದಲಾಗುತ್ತದೆ. ಜಾತಿಯ ಎಣಿಕೆಯಿಲ್ಲದೆ ಸಾಲಾಗಿ ಕುಳಿತು ಉಣ್ಣುವ ಪಂಕ್ತಿಸೇವೆ ಅದರ ನಡುವೆ ನಡೆಯುತ್ತದೆ. ಶಿವರಾತ್ರಿಯ ಹೊತ್ತಿಗೆ ಜನರು ಕಪ್ಪಡಿಗೆ ಸೇರುತ್ತಾರೆ. ನೀಲಗಾರರು ಕಂಡಾಯಗಳ ಮುಂದೆ ಕುಳಿತು ರಾತ್ರಿಯಿಡೀ ಹಾಡುವುದು ಈ ಜಾತ್ರೆಗಳಲ್ಲಿಯೇ. ಸಿದ್ದಪ್ಪಾಜಿಯ ಗದ್ದುಗೆಯ ಬಳಿಯಲ್ಲಿ ಕುಳಿತವರು ಕೇಳಬಯಸುವ ಸಾಲು, ಸಹಜವಾಗಿಯೇ, ಹಲಗೂರಿನದು.